ನಷ್ಟದಲ್ಲಿರುವ ಕಾರು ಕಂಪನಿಗಳನ್ನು ಸರ್ಕಾರ ಉಳಿಸಬೇಕೇ?

ನೀವು ಕೇಳಿರುವುದು ಇಷ್ಟು: 2008–09ರಲ್ಲಿ ಅಮೆರಿಕ ಸರ್ಕಾರ ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್ ಕಂಪನಿಗಳನ್ನು ತೆರಿಗೆಯ ಹಣದಿಂದ ಬದುಕಿಸಿತು, ಹಾಗಿರುವಾಗ ನಮ್ಮಲ್ಲಿ ಕಾರು ಕಂಪನಿಯೊಂದು ಮುಳುಗುವ ಹಂತಕ್ಕೆ ಬಂದರೆ ನಮ್ಮ ಸರ್ಕಾರವೂ ಕೈಹಿಡಿಯಬೇಡವೇ, ಸಾವಿರಾರು ಜನರ ಕೆಲಸ ಹೋಗುವುದನ್ನು ನೋಡುತ್ತ ಕೂರಬಹುದೇ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಂಪನಿಯ ಒಡೆಯರನ್ನು ಉಳಿಸಲು ಸರ್ಕಾರ ಒಂದು ರೂಪಾಯಿಯನ್ನೂ ಕೊಡಬಾರದು. ಆದರೆ ಕಾರ್ಖಾನೆಯನ್ನು, ಅಲ್ಲಿ ದುಡಿಯುವವರನ್ನು, ಅದಕ್ಕೆ ಬಿಡಿಭಾಗ ಪೂರೈಸುವ ಸಣ್ಣ ಘಟಕಗಳನ್ನು ಉಳಿಸಲು ಬೇರೆ ದಾರಿಯೇ ಇಲ್ಲದಿದ್ದಾಗ, ಅದೂ ದೇಶದ ಸಾಲದ ವ್ಯವಸ್ಥೆಯೇ ಕಟ್ಟಿಹೋಗಿರುವ ಕಾಲದಲ್ಲಿ, ಕಠಿಣ ಷರತ್ತುಗಳ ಮೇಲೆ ಹಣ ತೊಡಗಿಸುವುದು ತಪ್ಪಲ್ಲ. ಅಮೆರಿಕ 2009ರಲ್ಲಿ ಮಾಡಿದ್ದೂ ಬಹುಮಟ್ಟಿಗೆ ಇದನ್ನೇ. ನಮ್ಮಲ್ಲಿ ಅದನ್ನು ಉದಾಹರಿಸುವವರು ಹಣದ ಮೊತ್ತವನ್ನು ಹೇಳುತ್ತಾರೆಯೇ ಹೊರತು ಷರತ್ತುಗಳನ್ನು ಹೇಳುವುದಿಲ್ಲ.

ನಾನು ಮಂಗಳೂರು ಮತ್ತು ಉಡುಪಿಯ ಶಾಖೆಗಳಲ್ಲಿ ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಕಷ್ಟದಲ್ಲಿರುವ ಸಾಲಗಾರ ಇನ್ನಷ್ಟು ಸಾಲ ಕೇಳಿಕೊಂಡು ಬಂದಾಗ ನಾವು ಮೊದಲು ತಿಳಿಯಬೇಕಾಗಿದ್ದದ್ದು ಒಂದೇ ವಿಷಯ: ಇವರ ಬಳಿ ಸದ್ಯಕ್ಕೆ ಹಣವಿಲ್ಲವೋ, ಇಲ್ಲ ವ್ಯಾಪಾರದಲ್ಲಿಯೇ ಹುರುಳು ಉಳಿದಿಲ್ಲವೋ? ಮೊದಲನೆಯದಾದರೆ ಸಾಲ ಔಷಧವಾಗುತ್ತದೆ. ಎರಡನೆಯದಾದರೆ ಅದೇ ಸಾಲ ಸಾಲಗಾರನ ಮನೆ, ತೋಟಗಳನ್ನೂ ಸೇರಿಸಿ ಮುಳುಗಿಸುತ್ತದೆ. ಮಂಗಳೂರಿನವರಿಗೆ ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಬೆಳೆದ ಹಂಚಿನ ಉದ್ಯಮ ಒಂದು ಕಾಲದಲ್ಲಿ ನಮ್ಮೂರಿನ ಹೆಸರನ್ನು ಸಮುದ್ರದಾಚೆಗೂ ಒಯ್ದಿತ್ತು. ಜನರು ಕಾಂಕ್ರೀಟಿನ ತಾರಸಿ ಮನೆ ಕಟ್ಟತೊಡಗಿದ ಮೇಲೆ ಆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಕೊಳ್ಳುವವರೇ ಇಲ್ಲದ ಸರಕಿಗೆ ಎಷ್ಟು ಸಾಲ ಕೊಟ್ಟರೂ ಪ್ರಯೋಜನವಿರಲಿಲ್ಲ.

ಈಗ ಅಮೆರಿಕದ ಸಂಗತಿಗೆ ಬರೋಣ. ಅಲ್ಲಿ 2007ರಲ್ಲಿ ಸುಮಾರು 1.6 ಕೋಟಿ ವಾಹನಗಳು ಮಾರಾಟವಾಗಿದ್ದವು. 2009ರ ಹೊತ್ತಿಗೆ ಅದು ಸುಮಾರು 1 ಕೋಟಿಗೆ ಕುಸಿದಿತ್ತು. ಸಾಮಾನ್ಯ ಕಾಲದಲ್ಲಾಗಿದ್ದರೆ ಇಂತಹ ಕಂಪನಿ ದಿವಾಳಿ ನ್ಯಾಯಾಲಯಕ್ಕೆ ಹೋಗುತ್ತದೆ, ವಿಚಾರಣೆ ನಡೆಯುವಷ್ಟು ಕಾಲ ಕಾರ್ಖಾನೆ ನಡೆಸಲು ಬ್ಯಾಂಕುಗಳು ಸಾಲ ಕೊಡುತ್ತವೆ. ಆದರೆ ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಕುಸಿದ ಆ ದಿನಗಳಲ್ಲಿ ಅಷ್ಟು ದೊಡ್ಡ ಮೊತ್ತ ಕೊಡಬಲ್ಲ ಬ್ಯಾಂಕ್ ಯಾವುದೂ ಇರಲಿಲ್ಲ. ಹೀಗಾಗಿ 2008ರ ಡಿಸೆಂಬರಿನಲ್ಲಿ ಅಧ್ಯಕ್ಷ ಬುಷ್ ಎರಡೂ ಕಂಪನಿಗಳಿಗೆ 1,740 ಕೋಟಿ ಡಾಲರ್ ತುರ್ತು ಸಾಲ ಘೋಷಿಸಿದರು. ಮುಂದೆ ಒಬಾಮ ಸರ್ಕಾರ ಇನ್ನೂ ಹೆಚ್ಚಿನ ಹಣ ಕೊಟ್ಟಿತು, ಆದರೆ ಕೊಟ್ಟ ರೀತಿಯೇ ಬೇರೆ. ಎರಡೂ ಕಂಪನಿಗಳು ಸಲ್ಲಿಸಿದ ಚೇತರಿಕೆಯ ಯೋಜನೆಗಳನ್ನು 2009ರ ಮಾರ್ಚಿನಲ್ಲಿ ತಿರಸ್ಕರಿಸಿತು. ಜನರಲ್ ಮೋಟರ್ಸ್‌ನ ಮುಖ್ಯಸ್ಥ ರಿಕ್ ವ್ಯಾಗನರ್ ಅವರು ಕುರ್ಚಿ ಬಿಡಬೇಕಾಯಿತು. ಕ್ರೈಸ್ಲರ್ ಏಪ್ರಿಲ್ 30ರಂದು, ಜನರಲ್ ಮೋಟರ್ಸ್ ಜೂನ್ 1ರಂದು ದಿವಾಳಿ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಹಳೆಯ ಷೇರುದಾರರಿಗೆ ಏನೂ ಉಳಿಯಲಿಲ್ಲ. ಕ್ರೈಸ್ಲರ್‌ಗೆ ಭದ್ರತೆಯ ಮೇಲೆ ಸಾಲ ಕೊಟ್ಟಿದ್ದವರಿಗೆ ಡಾಲರಿಗೆ 29 ಸೆಂಟ್ ಮಾತ್ರ ಬಂತು. ಜನರಲ್ ಮೋಟರ್ಸ್‌ನ ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್ ಬ್ರಾಂಡುಗಳು ಮುಚ್ಚಿದವು. ಹೊಸದಾಗಿ ರೂಪುಗೊಂಡ ಜನರಲ್ ಮೋಟರ್ಸ್‌ನಲ್ಲಿ ಸರ್ಕಾರವೇ ಶೇ. 60ಕ್ಕಿಂತ ಹೆಚ್ಚು ಪಾಲು ಹಿಡಿಯಿತು, ಮತ್ತು ಆ ಪಾಲಿನ ಕೊನೆಯ ಕಂತನ್ನು 2013ರ ಡಿಸೆಂಬರಿನಲ್ಲಿ ಮಾರಿ ಹೊರಬಂದಿತು. ಆ ಒಂದು ಕಂಪನಿಗೆ ತೊಡಗಿಸಿದ ಸುಮಾರು 4,950 ಕೋಟಿ ಡಾಲರಿನಲ್ಲಿ ಹತ್ತಿರಹತ್ತಿರ 1,100 ಕೋಟಿ ಡಾಲರ್ ಮರಳಿ ಬರಲಿಲ್ಲ. ಆ ನಷ್ಟವನ್ನು ಮರೆಮಾಚುವ ಅಗತ್ಯ ನನಗೆ ಕಾಣುವುದಿಲ್ಲ. ಅದು ಲಕ್ಷಾಂತರ ಕುಟುಂಬಗಳ ಉದ್ಯೋಗಕ್ಕೆ ಸಮಾಜ ತೆತ್ತ ಬೆಲೆ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಫೋರ್ಡ್ ಕಂಪನಿ ಆ ತುರ್ತು ನೆರವನ್ನು ತೆಗೆದುಕೊಳ್ಳಲಿಲ್ಲ. 2006ರಲ್ಲಿಯೇ ತನ್ನ ಬಹುಪಾಲು ಆಸ್ತಿಗಳನ್ನು ಅಡವಿಟ್ಟು ದೊಡ್ಡ ಸಾಲ ಎತ್ತಿಟ್ಟುಕೊಂಡಿದ್ದರಿಂದ ಅದಕ್ಕೆ ಉಸಿರಾಡಲು ಅವಕಾಶವಿತ್ತು. ಆದರೂ ಅದರ ಮುಖ್ಯಸ್ಥ ಅಲನ್ ಮುಲಾಲಿ ಅಮೆರಿಕದ ಸಂಸತ್ತಿನ ಮುಂದೆ ಹಾಜರಾಗಿ ತನ್ನ ಪ್ರತಿಸ್ಪರ್ಧಿಗಳಿಗೆ ನೆರವು ಕೊಡಬೇಕೆಂದು ವಾದಿಸಿದರು. ಕಾರಣ ಸರಳವಾಗಿತ್ತು: ಮೂರೂ ಕಂಪನಿಗಳಿಗೆ ಬಿಡಿಭಾಗ ಒದಗಿಸುವವರು ಬಹುಪಾಲು ಅದೇ ಪೂರೈಕೆದಾರರು, ಜನರಲ್ ಮೋಟರ್ಸ್ ಬಾಕಿ ಕೊಡದೆ ಬಿದ್ದರೆ ಅವರು ಬೀಳುತ್ತಾರೆ, ಅವರು ಬಿದ್ದರೆ ಫೋರ್ಡ್‌ನ ಕಾರ್ಖಾನೆಯೂ ನಿಲ್ಲುತ್ತದೆ. ನೆರವು ನಿಜಕ್ಕೂ ತಲುಪಬೇಕಾದದ್ದು ಯಾರಿಗೆ ಎಂಬುದು ಇದರಿಂದ ತಿಳಿಯುತ್ತದೆ.

ಷರತ್ತುಗಳಿಲ್ಲದ ನೆರವು ಏನಾಗುತ್ತದೆಂದು ತಿಳಿಯಲು ಬ್ರಿಟನ್ನನ್ನು ನೋಡಬೇಕು. ಬ್ರಿಟಿಷ್ ಲೇಲ್ಯಾಂಡ್ ಕಂಪನಿಯನ್ನು 1975ರಲ್ಲಿ ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡು ವರ್ಷಗಟ್ಟಲೆ ಹಣ ಸುರಿಯಿತು. ಒಂದೇ ಸಂಸ್ಥೆಯ ಮಾದರಿಗಳು ಒಂದರ ಗಿರಾಕಿಯನ್ನು ಇನ್ನೊಂದು ಕಸಿಯುತ್ತಿದ್ದವು, ಮುಷ್ಕರಗಳು ನಿಲ್ಲಲಿಲ್ಲ, ಗುಣಮಟ್ಟ ಸುಧಾರಿಸಲಿಲ್ಲ. ಕೈಯಿಂದ ಕೈಗೆ ದಾಟಿ ಕೊನೆಗೆ ಉಳಿದ ಎಂ.ಜಿ. ರೋವರ್ 2005ರ ಏಪ್ರಿಲಿನಲ್ಲಿ ಕುಸಿದಾಗ ಅದರ ಲಾಂಗ್‌ಬ್ರಿಜ್ ಕಾರ್ಖಾನೆಯ ಸುಮಾರು 6,000 ಜನ ಕೆಲಸ ಕಳೆದುಕೊಂಡರು. ಅಂದರೆ ಮೂವತ್ತು ವರ್ಷ ಮುಂದೂಡಲ್ಪಟ್ಟ ಕಷ್ಟ ಮುಂದಿನ ತಲೆಮಾರಿನ ಕಾರ್ಮಿಕರ ಮೇಲೆ ಬಿತ್ತು.

ಇದೇ ಬ್ರಿಟನ್ನಿನಲ್ಲಿ ಇನ್ನೊಂದು ಘಟನೆಯೂ ನಡೆಯಿತು, ಅದು ನಮ್ಮ ಟಾಟಾ ಕಂಪನಿಗೆ ಸಂಬಂಧಿಸಿದ್ದು. 2008ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡ ಕೆಲವೇ ತಿಂಗಳಲ್ಲಿ ಮಾರುಕಟ್ಟೆ ಕುಸಿದು, ಟಾಟಾ ಮೋಟರ್ಸ್ ಬ್ರಿಟಿಷ್ ಸರ್ಕಾರದ ಬಳಿ ಸಾಲದ ಖಾತ್ರಿ ಕೇಳಿತು. ಮಾತುಕತೆ ತಿಂಗಳುಗಟ್ಟಲೆ ನಡೆಯಿತು. ಸರ್ಕಾರದ ಷರತ್ತುಗಳು ಒಪ್ಪಿಗೆಯಾಗದೆ 2009ರಲ್ಲಿ ಟಾಟಾ ಆ ಮಾತುಕತೆಯಿಂದ ಹೊರಬಂದು, ಬೇರೆಡೆಯಿಂದ ಹಣ ಹೊಂದಿಸಿಕೊಂಡಿತು. ಸಂಸ್ಥೆ ಲಾಭಕ್ಕೂ ಮರಳಿತು. ಸಾಲ ಕೊಡುವ ಕೆಲಸ ಮಾಡಿದ ನನಗೆ ಈ ಘಟನೆ ಬಹಳ ಮುಖ್ಯವೆನಿಸುತ್ತದೆ. ಷರತ್ತು ಕಠಿಣವಾಗಿದ್ದರೆ, ಬೇರೆ ದಾರಿ ಇರುವವರು ತಾವಾಗಿ ಆ ದಾರಿ ಹಿಡಿಯುತ್ತಾರೆ, ಮತ್ತು ಖಜಾನೆಯ ಹಣ ಬೇರೆ ದಾರಿ ಇಲ್ಲದವರಿಗಾಗಿ ಉಳಿಯುತ್ತದೆ.

ನಮ್ಮ ದೇಶದಲ್ಲಿ ಕಾರು ಉದ್ಯಮಕ್ಕೂ ಸರ್ಕಾರಕ್ಕೂ ಇರುವ ನಂಟು ಹಳೆಯದು. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಕಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿ ಅದಕ್ಕೆ ಸರ್ಕಾರದ ಬೆಂಬಲ ದೊರಕಿಸಲು ಶ್ರಮಿಸಿದ್ದರು. ಬ್ರಿಟಿಷ್ ಆಡಳಿತ ಅದಕ್ಕೆ ಒಲಿಯಲಿಲ್ಲ. ಹುಟ್ಟುವ ಉದ್ಯಮಕ್ಕೆ ಆಸರೆ ಕೊಡುವುದು ನನ್ನ ದೃಷ್ಟಿಯಲ್ಲಿ ಬೇರೆಯೇ ವಿಷಯ, ಅದನ್ನು ನಾನು ಒಪ್ಪುತ್ತೇನೆ. ಆದರೆ ಸ್ವಾತಂತ್ರ್ಯದ ನಂತರ ನಾವು ಆಸರೆಯನ್ನು ತೆಗೆಯುವುದನ್ನೇ ಮರೆತೆವು. ಲೈಸೆನ್ಸ್ ಪದ್ಧತಿ ಮತ್ತು ಆಮದು ಸುಂಕದ ಗೋಡೆಯ ಹಿಂದೆ ಅಂಬಾಸಿಡರ್ ಕಾರು ದಶಕಗಳ ಕಾಲ ಹೆಚ್ಚು ಬದಲಾವಣೆಯಿಲ್ಲದೆ ಮಾರಾಟವಾಯಿತು. ಜನರು ಮುಂಗಡ ಕೊಟ್ಟು ವರ್ಷಗಟ್ಟಲೆ ಕಾಯುತ್ತಿದ್ದರು. ಬಜೆಟ್ಟಿನ ಯಾವ ಸಾಲಿನಲ್ಲಿಯೂ ಕಾಣದಿದ್ದರೂ ಅದೂ ಒಂದು ಬಗೆಯ ರಕ್ಷಣೆಯೇ, ಅದರ ಬೆಲೆಯನ್ನು ತೆತ್ತವರು ಗಿರಾಕಿಗಳು. ಸ್ಪರ್ಧೆ ಬಂದ ಮೇಲೆ ಅದನ್ನು ತಯಾರಿಸುತ್ತಿದ್ದ ಹಿಂದೂಸ್ತಾನ್ ಮೋಟರ್ಸ್ ತಡೆದುಕೊಳ್ಳಲಿಲ್ಲ. 2014ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿದ್ದ ಅದರ ಕಾರ್ಖಾನೆಯ ಕೆಲಸ ನಿಂತು ಎರಡು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಿದ್ದರು.

ಮಾರುತಿಯ ಕಥೆಯನ್ನು ಇದರ ಎದುರು ಇಡುವವರಿದ್ದಾರೆ, ಅದು ನ್ಯಾಯವೂ ಹೌದು. ಸಂಜಯ್ ಗಾಂಧಿಯವರ ಮೂಲ ಕಂಪನಿ ಕಾರು ತಯಾರಿಸುವುದರಲ್ಲಿ ಸೋತು ಮುಚ್ಚಿದ ಮೇಲೆ ಸರ್ಕಾರ 1980ರಲ್ಲಿ ಅದನ್ನು ಕಾನೂನಿನ ಮೂಲಕ ವಶಪಡಿಸಿಕೊಂಡಿತು. ಆ ನಿರ್ಧಾರದ ಹಿಂದಿನ ರಾಜಕೀಯ ಏನೇ ಇರಲಿ, ಅನಂತರ ನಡೆದ ಕೆಲಸ ಶಿಸ್ತಿನದು: 1982ರಲ್ಲಿ ಸುಜುಕಿಯೊಂದಿಗೆ ಒಪ್ಪಂದ, 1983ರ ಡಿಸೆಂಬರಿನಲ್ಲಿ ಮೊದಲ ಕಾರು, ಮುಂದೆ ಹಂತಹಂತವಾಗಿ ಪಾಲು ಮಾರಾಟ, 2007ರಲ್ಲಿ ಸರ್ಕಾರದ ಸಂಪೂರ್ಣ ನಿರ್ಗಮನ. ಇಲ್ಲಿ ಹಳೆಯ ಕಂಪನಿ ಉಳಿಯಲಿಲ್ಲ. ಉಳಿದದ್ದು ಜಮೀನು, ಕಟ್ಟಡ ಮತ್ತು ಹೆಸರು. ಜನರಿಗೆ ಬೇಕಾದ ಕಾರು ಮತ್ತು ಅದನ್ನು ಮಾಡಬಲ್ಲ ಪಾಲುದಾರ ಇಬ್ಬರೂ ಸಿಕ್ಕಿದ್ದರಿಂದಲೇ ಅದು ಗೆದ್ದಿತು.

ಹಣ ಕೊಡದೆಯೂ ಸರ್ಕಾರ ಬಹಳಷ್ಟು ಮಾಡಬಹುದು ಎಂಬುದಕ್ಕೆ ಗುಜರಾತಿನ ಸಾಣಂದ್ ಸಾಕ್ಷಿ. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿದ ಬಳಿಕ, ರಾಜ್ಯ ಸರ್ಕಾರವೂ ಸೇರಿದ ತ್ರಿಪಕ್ಷೀಯ ಒಪ್ಪಂದದ ಮೂಲಕ ಅಲ್ಲಿಯ ಕಾರ್ಖಾನೆ ಸುಮಾರು 726 ಕೋಟಿ ರೂಪಾಯಿಗೆ ಟಾಟಾ ಸಂಸ್ಥೆಯ ಪಾಲಾಯಿತು, ಅರ್ಹ ನೌಕರರಿಗೆ ಕೆಲಸವೂ ಉಳಿಯಿತು. ಮಹಾರಾಷ್ಟ್ರದ ತಳೇಗಾಂವ್‌ನಲ್ಲಿ ಜನರಲ್ ಮೋಟರ್ಸ್‌ನ ಕಾರ್ಖಾನೆಯೂ ಕೈ ಬದಲಾಯಿಸಿ ಹ್ಯುಂಡೈಗೆ ಹೋಯಿತು. ಆದರೆ ಅಲ್ಲಿಯ ಕಾರ್ಮಿಕರು ಕೆಲಸಕ್ಕಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. ಯಂತ್ರಗಳು ಎರಡೂ ಕಡೆ ಉಳಿದವು. ಮನುಷ್ಯರು ಒಪ್ಪಂದದ ಒಳಗಿದ್ದರೇ ಹೊರಗಿದ್ದರೇ ಎಂಬುದರಲ್ಲಿ ವ್ಯತ್ಯಾಸವಿದೆ.

ಕರಾವಳಿಯಲ್ಲಿ ಕಾರು ತಯಾರಿಸುವ ಕಾರ್ಖಾನೆ ಇಲ್ಲದಿದ್ದರೂ ಈ ಉದ್ಯಮದ ಕಷ್ಟ ಇಲ್ಲಿಗೂ ಬರುತ್ತದೆ, ಬರುವುದು ಷೋರೂಮಿನ ಮೂಲಕ. ಹೊರಗಿನವರಿಗೆ ಸಾಮಾನ್ಯವಾಗಿ ತಿಳಿಯದ ಸಂಗತಿಯೆಂದರೆ, ಕಾರು ಕಾರ್ಖಾನೆಯಿಂದ ಹೊರಡುವ ಹೊತ್ತಿಗೇ ಅದರ ಹಣ ಕಂಪನಿಗೆ ಸಂದಾಯವಾಗಿರುತ್ತದೆ. ಕೊಟ್ಟವರು ಡೀಲರಿನ ಬ್ಯಾಂಕಿನವರು. ಆ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ. ಮಾರಾಟ ಕುಸಿದಿದ್ದ ಒಂದು ವರ್ಷ ಆಟಿ ತಿಂಗಳ ಮಳೆಯಲ್ಲಿ, ಹೆದ್ದಾರಿ ಬದಿಯ ಒಂದು ಯಾರ್ಡಿಗೆ ದಾಸ್ತಾನು ಪರಿಶೀಲನೆಗೆ ಹೋಗಿದ್ದೆ. ಪಟ್ಟಿ ಹಿಡಿದು ಒಂದೊಂದೇ ಗಾಜಿನ ಮೂಲೆಯ ಕೆಸರು ಒರೆಸಿ ಚಾಸಿ ನಂಬರ್ ತಾಳೆ ನೋಡಬೇಕಿತ್ತು. ಹೊಚ್ಚಹೊಸ ಕಾರುಗಳ ಬ್ಯಾಟರಿ ಇಳಿದುಹೋಗಿತ್ತು, ನಿಂತಲ್ಲಿಯೇ ನಿಂತು ಟೈರುಗಳು ಚಪ್ಪಟೆಯಾಗಿದ್ದವು, ಬಾಗಿಲು ತೆರೆದರೆ ಸೀಟಿನಿಂದ ಬೂಷ್ಟಿನ ವಾಸನೆ ಬರುತ್ತಿತ್ತು. ಅಷ್ಟಾದರೂ ಕಂಪನಿಯಿಂದ ಟಾರ್ಗೆಟ್ಟಿನ ಹೆಸರಿನಲ್ಲಿ ಇನ್ನೊಂದು ಟ್ರೈಲರ್ ಬಂದು ಗೇಟಿನ ಹೊರಗೆ ನಿಂತಿತ್ತು. ಆ ಸಾಲಕ್ಕೆ ಭದ್ರತೆಯಾಗಿ ನಮ್ಮ ಬ್ಯಾಂಕಿನಲ್ಲಿದ್ದದ್ದು ಡೀಲರಿನ ತಂದೆಯ ಕಾಲದ ಅಡಿಕೆ ತೋಟ. ಕಂಪನಿಯ ಲೆಕ್ಕಪುಸ್ತಕದಲ್ಲಿ ಮಾತ್ರ ಆ ಕಾರುಗಳೆಲ್ಲವೂ ಮಾರಾಟವಾಗಿದ್ದವು.

ಸರ್ಕಾರದ ನೆರವು ಈ ಯಾರ್ಡಿನವರೆಗೆ ಬರುತ್ತದೆಯೇ ಎಂದು ಕೇಳಿದರೆ, ಈವರೆಗಿನ ಅನುಭವದಲ್ಲಿ ಅರ್ಧ ಮಾತ್ರ ಎನ್ನಬೇಕಾಗುತ್ತದೆ. 2019ರ ಹಿಂಜರಿತದಲ್ಲಿ ಕಂಪನಿ ತೆರಿಗೆಯ ಕಡಿತ ಬಂತು; 2021ರಲ್ಲಿ ವಾಹನ ಉದ್ಯಮಕ್ಕೆ 25,938 ಕೋಟಿ ರೂಪಾಯಿಯ ಉತ್ಪಾದನಾ ಪ್ರೋತ್ಸಾಹ ಯೋಜನೆ ಬಂತು. ಇವು ಬಹುಮಟ್ಟಿಗೆ ದೊಡ್ಡ ತಯಾರಕರನ್ನು ತಲುಪುವ ನೆರವುಗಳು. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿಯನ್ನು ಶೇ. 28ರಿಂದ ಶೇ. 18ಕ್ಕೆ ಇಳಿಸಿದ್ದು ನನಗೆ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಅದರಲ್ಲಿ ಯಾವ ಕಂಪನಿ ಉಳಿಯಬೇಕೆಂದು ಸರ್ಕಾರ ಆರಿಸುವುದಿಲ್ಲ, ಕೊಳ್ಳುವವರು ಆರಿಸುತ್ತಾರೆ.

ಹಾಗಾದರೆ ಕಂಪನಿ ಬಿದ್ದೇ ಬಿಟ್ಟರೆ ಏನು ಮಾಡಬೇಕು? ನಮ್ಮಲ್ಲಿ 2016ರ ದಿವಾಳಿ ಸಂಹಿತೆ ಇದೆ. ಸಾಲ ಮುಳುಗಿಸಿದ ಪ್ರವರ್ತಕರು ಅದೇ ಕಂಪನಿಯನ್ನು ಅಗ್ಗದ ಬೆಲೆಗೆ ಮರಳಿ ಕೊಳ್ಳದಂತೆ ತಡೆಯುವ ಕಲಮೂ ಅದರಲ್ಲಿದೆ, ಅದನ್ನು ಯಾವ ಒತ್ತಡಕ್ಕೂ ಸಡಿಲಿಸಬಾರದು. ಕಂಪನಿ ಬರಖಾಸ್ತಾದರೆ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿಗೆ ಭದ್ರತೆಯ ಮೇಲೆ ಸಾಲ ಕೊಟ್ಟ ಬ್ಯಾಂಕುಗಳ ಸಮಾನ ಸ್ಥಾನವಿದೆ. ಆದರೆ ಬಿಡಿಭಾಗ ಪೂರೈಸಿದ ಸಣ್ಣ ಘಟಕದವರು ಸಾಲಿನಲ್ಲಿ ಬಹಳ ಹಿಂದೆ ನಿಲ್ಲುತ್ತಾರೆ, ಅವರ ಪಾಲಿಗೆ ಬರುವಷ್ಟರಲ್ಲಿ ಹೆಚ್ಚಾಗಿ ಏನೂ ಉಳಿದಿರುವುದಿಲ್ಲ. ಜೊತೆಗೆ ಕಾನೂನು 330 ದಿನಗಳ ಮಿತಿ ಹೇಳಿದರೂ, ರಿಸರ್ವ್ ಬ್ಯಾಂಕ್ 2017ರಲ್ಲಿ ಗುರುತಿಸಿದ ಮೊದಲ 12 ದೊಡ್ಡ ಖಾತೆಗಳಲ್ಲಿ ಒಂದಾಗಿದ್ದ ಬಿಡಿಭಾಗ ತಯಾರಕ ಆಮ್ಟೆಕ್ ಆಟೊ ಪ್ರಕರಣ ಇತ್ಯರ್ಥವಾಗಲು ವರ್ಷಗಳೇ ಹಿಡಿದವು. ಸರ್ಕಾರಕ್ಕೆ ಹಣ ತೊಡಗಿಸುವ ಮನಸ್ಸಿದ್ದರೆ ಈ ನಡುವಿನ ಅವಧಿಯಲ್ಲಿ ತೊಡಗಿಸಲಿ: ಕಾರ್ಖಾನೆ ಓಡುತ್ತಿರಲು ಬೇಕಾದ ದುಡಿಯುವ ಬಂಡವಾಳಕ್ಕೆ ಖಾತ್ರಿ ಕೊಡಲಿ, ಸಣ್ಣ ಪೂರೈಕೆದಾರರ ಬಾಕಿಯನ್ನು ಮೊದಲು ತೀರಿಸಲಿ, ಕೆಲಸ ಕಳೆದುಕೊಂಡವರ ಸಂಬಳ ಮತ್ತು ಮರುತರಬೇತಿಯ ಹೊಣೆ ಹೊರಲಿ, ಇದಕ್ಕೆ ಪ್ರತಿಯಾಗಿ ಹೊಸ ಕಂಪನಿಯಲ್ಲಿ ಪಾಲು ಪಡೆದು, ಅದನ್ನು ಮಾರಿ ಹೊರಬರುವ ದಿನಾಂಕವನ್ನೂ ಒಪ್ಪಂದದಲ್ಲಿಯೇ ಬರೆಯಲಿ.

ಡೀಲರುಗಳ ವಿಷಯದಲ್ಲಿ ಖಜಾನೆಯ ಹಣವೂ ಬೇಕಾಗಿಲ್ಲ. ಕಂಪನಿ ಹೊರಟುಹೋಗುವಾಗ ಮಾರಾಟವಾಗದ ಕಾರು ಮತ್ತು ಬಿಡಿಭಾಗಗಳನ್ನು ಬಿಲ್ಲಿನ ಬೆಲೆಗೆ ಮರಳಿ ಕೊಳ್ಳಬೇಕು, ಷೋರೂಮ್ ಮತ್ತು ವರ್ಕ್‌ಶಾಪಿಗೆ ಹಾಕಿಸಿದ ಬಂಡವಾಳಕ್ಕೆ ಪರಿಹಾರ ಕೊಡಬೇಕು, ಈಗಾಗಲೇ ಮಾರಿದ ಕಾರುಗಳಿಗೆ ನಿರ್ದಿಷ್ಟ ವರ್ಷಗಳ ಕಾಲ ಬಿಡಿಭಾಗ ಒದಗಿಸಬೇಕು ಎಂದು ವಿಧಿಸುವ ಒಂದು ಕಾಯ್ದೆ ಸಾಕು. ವಾಹನ ಡೀಲರುಗಳ ಒಕ್ಕೂಟ ಇಂತಹ ರಕ್ಷಣೆಯನ್ನು ಬಹಳ ಕಾಲದಿಂದ ಕೇಳುತ್ತಿದೆ. ಮುಂದಿನ ಕಂಪನಿ ಮುಳುಗುವ ತನಕ ಇದಕ್ಕಾಗಿ ಕಾಯಬೇಕಾದ ಕಾರಣ ಯಾವುದೂ ಇಲ್ಲ. ನಮ್ಮ ಸಂಸದರು ಈ ಬೇಡಿಕೆಯನ್ನು ಮುಂದಿನ ಅಧಿವೇಶನದಲ್ಲಿಯೇ ಎತ್ತಬಹುದು.