ಓದುಗರ ಪ್ರಶ್ನೆ: ಹಲ್ಲಿನ ಲ್ಯಾಬ್, ಮಿಲ್ಲಿಂಗ್ ಮಷಿನ್ ಮತ್ತು ಕಾನೂನು

ಪ್ರಶ್ನೆ: ನಮ್ಮದು ಸಣ್ಣ ಹಲ್ಲಿನ ಲ್ಯಾಬ್. ಜಿರ್ಕೋನಿಯಾ (ಗಟ್ಟಿಯಾದ ಬಿಳಿ ಸೆರಾಮಿಕ್) ಕ್ಯಾಪ್, ಅಂದರೆ ಹಲ್ಲಿನ ಮೇಲೆ ಕೂರಿಸುವ ಹೊದಿಕೆ, ಮಾಡಲು ಮಿಲ್ಲಿಂಗ್ ಮಷಿನ್ (ಡಿಸ್ಕಿನಿಂದ ಆಕಾರ ಕೊರೆಯುವ ಯಂತ್ರ) ತಂದಿದ್ದೇವೆ. ತಯಾರಿಕಾ ಲೈಸೆನ್ಸ್ ಬೇಕೇ?
– ವಿದ್ಯಾನಗರ, ದಾವಣಗೆರೆ

ಉತ್ತರ: ಮಷಿನ್ ಯಾವುದೇ ಇರಲಿ, ಅದರಲ್ಲಿ ಏನು ಮಾಡಿ ಯಾರಿಗೆ ಕೊಡುತ್ತೀರಿ ಎಂಬುದೇ ಲೆಕ್ಕ. 2017ರ ವೈದ್ಯಕೀಯ ಸಾಧನಗಳ ನಿಯಮಗಳಲ್ಲಿ ‘ಕಸ್ಟಮ್ ಮೇಡ್’ ಎಂಬ ವರ್ಗವಿದೆ. ನೋಂದಾಯಿತ ವೈದ್ಯರು ಬರೆದುಕೊಟ್ಟಂತೆ ಒಬ್ಬ ರೋಗಿಗಾಗಿಯೇ ಮಾಡಿದ ಸಾಧನ ಅದು. ಆ ನಿಯಮಗಳ ಎಂಟನೇ ಅನುಸೂಚಿ ಅದಕ್ಕೆ ಲೈಸೆನ್ಸಿನಿಂದ ವಿನಾಯಿತಿ ಕೊಡುತ್ತದೆ, ಆದರೆ ಲೇಬಲ್ ಮೇಲೆ ‘ಕಸ್ಟಮ್ ಮೇಡ್’ ಎಂಬ ಪದಗಳು ಇರಲೇಬೇಕು. ಕ್ಯಾಪ್, ಬ್ರಿಡ್ಜ್ (ಬಿದ್ದ ಹಲ್ಲಿನ ಜಾಗ ತುಂಬುವ ಜೋಡಿಸಿದ ಹಲ್ಲುಗಳು) ಇದರಲ್ಲಿ ಬರುತ್ತವೆ. ಬಿಡುವಿದ್ದಾಗ ಒಂದೇ ಅಳತೆಯ ಐವತ್ತು ಅಬಟ್‌ಮೆಂಟ್ (ಇಂಪ್ಲಾಂಟಿನ ಮೇಲೆ ಕ್ಯಾಪ್ ಹಿಡಿಯುವ ತುಂಡು) ಕೊರೆದಿಟ್ಟು ಮಾರಿದರೆ ವಿನಾಯಿತಿ ಹೋಯಿತು. ಆಗ ಲೈಸೆನ್ಸ್ ಬೇಕು: ಅಪಾಯ ಕಡಿಮೆಯಿರುವ ಎ, ಬಿ ವರ್ಗದ ಸಾಧನಗಳ ತಯಾರಿಕೆಗೆ ರಾಜ್ಯ ಪ್ರಾಧಿಕಾರದ್ದು, ಅಪಾಯ ಹೆಚ್ಚಿರುವ ಸಿ, ಡಿ ವರ್ಗಕ್ಕೆ ಕೇಂದ್ರದ್ದು.

‘ಬರೆದುಕೊಟ್ಟಂತೆ’ ಎಂಬಲ್ಲೇ ಹಲವರು ಎಡವುವುದು. “ಸರ್, 46, ಎ2 ಶೇಡ್” ಎಂದು ಹಲ್ಲಿನ ಸಂಖ್ಯೆ, ಬಣ್ಣ ಮಾತ್ರ ಹೇಳಿ ಡಾಕ್ಟರು ವಾಯ್ಸ್ ಮೆಸೇಜ್ ಹಾಕಿದರೆ ಅದನ್ನು ಬರಹ ಎನ್ನಲಾಗದು. ಸಹಿ, ನೋಂದಣಿ ಸಂಖ್ಯೆ ಇರುವ ಚೀಟಿ ತರಿಸಿಕೊಂಡು ಜಾಬ್ ಕಾರ್ಡಿಗೆ ಲಗತ್ತಿಸಿ. ಜಿರ್ಕೋನಿಯಾ ಡಿಸ್ಕಿನ ಕಂಪನಿ, ಲಾಟ್ ನಂಬರ್, ಕುಗ್ಗುವಿಕೆಯ ಫ್ಯಾಕ್ಟರ್ (ಎಷ್ಟು ಪಟ್ಟು ದೊಡ್ಡದಾಗಿ ಕೊರೆಯಬೇಕು ಎಂಬ ಸಂಖ್ಯೆ), ಫರ್ನೇಸ್ ಪ್ರೋಗ್ರಾಂ, ಮಾಡಿದವರ ಹೆಸರು ಅದೇ ಕಾರ್ಡಿನಲ್ಲಿರಲಿ. ನಾಳೆ ಒಂದು ಲಾಟ್ ಕೆಟ್ಟಿದೆ ಎಂದು ಕಂಪನಿ ಹೇಳಿದರೆ, ಯಾರ ಬಾಯಲ್ಲಿದೆ ಎಂದು ಹುಡುಕಲು ಬೇರೆ ದಾರಿಯಿಲ್ಲ.

ಪ್ರಶ್ನೆ: ಹೊಸ ಡಿಸ್ಕ್ ಹಾಕಿದ ಮೇಲೆ ಕ್ಯಾಪ್‌ಗಳು ಬಿಗಿಯಾಗಿ ವಾಪಸ್ ಬರುತ್ತಿವೆ. ಬರ್ (ಕೊರೆಯುವ ಮೊನೆ) ಸವೆದಿದೆಯೇ?
– ದಾವಣಗೆರೆ

ಉತ್ತರ: ಬರ್ ಬದಲಿಸುವ ಮೊದಲು ಡಿಸ್ಕಿನ ಮೇಲೆ ಅಚ್ಚಾದ ಫ್ಯಾಕ್ಟರ್ ಸಂಖ್ಯೆ ನೋಡಿ. ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದಾಗ ಜಿರ್ಕೋನಿಯಾ ಪ್ರತಿ ದಿಕ್ಕಿನಲ್ಲೂ ಐದನೇ ಒಂದು ಭಾಗದಷ್ಟು ಕುಗ್ಗುತ್ತದೆ. ಅದಕ್ಕೇ ದೊಡ್ಡದಾಗಿ ಕೊರೆಯುವುದು. ಎಷ್ಟು ದೊಡ್ಡದು ಎಂಬುದು ಲಾಟಿನಿಂದ ಲಾಟಿಗೆ ಬೇರೆ. ಹೊಸ ಡಿಸ್ಕ್ 1.250 ಎನ್ನುವಾಗ ಸಾಫ್ಟ್‌ವೇರಿನಲ್ಲಿ ಹಳೆಯ 1.240 ಉಳಿದಿದ್ದರೆ, 10 ಮಿ.ಮೀ. ಅಗಲದ ಕ್ಯಾಪ್ 9.92ಕ್ಕೆ ಇಳಿಯುತ್ತದೆ. 30 ಮಿ.ಮೀ. ಬ್ರಿಡ್ಜ್ ಕಾಲು ಮಿ.ಮೀ.ನಷ್ಟು ಚಿಕ್ಕದಾಗಿ ಕೂರುವುದೇ ಇಲ್ಲ. ಆಗ ಒಳಗಿನಿಂದ ಉಜ್ಜಿ ಸರಿಮಾಡಲು ಹೋಗಬೇಡಿ, ಕಾಣದ ಬಿರುಕು ಬಿಡುತ್ತದೆ. ಸರಿಯಾದ ಫ್ಯಾಕ್ಟರಿನಲ್ಲಿ ಹೊಸದಾಗಿ ಕೊರೆಯಿರಿ.

ಅರ್ಧ ಬಳಸಿದ ಡಿಸ್ಕನ್ನು ಅದರದೇ ಡಬ್ಬಿಗೆ ಹಾಕಿ. ಅಚ್ಚಾದ ಭಾಗ ಕೊರೆದುಹೋದ ಡಿಸ್ಕುಗಳೆಲ್ಲ ಒಂದೇ ಡ್ರಾಯರಿನಲ್ಲಿ ಬಿದ್ದಿದ್ದರೆ ಯಾವುದು ಯಾವ ಲಾಟಿನದು ಎಂದು ದೇವರೇ ಹೇಳಬೇಕು. ಇನ್ನೊಂದು ಮಾತು: ಗ್ಲಾಸ್ ಸೆರಾಮಿಕ್ಕನ್ನು ನೀರು ಬಿಟ್ಟು ಕೊರೆದ ಮಷಿನ್ನಿನಲ್ಲೇ ಜಿರ್ಕೋನಿಯಾ ಕೊರೆಯುವುದಾದರೆ ಒಳಗೆ ಪೂರ್ತಿ ಒರೆಸಿ ಒಣಗಿಸಿ. ತೇವವಿದ್ದರೆ ಪುಡಿ ಕೆಸರಾಗಿ ಮೆತ್ತಿಕೊಳ್ಳುತ್ತದೆ. ಒಣ ಪುಡಿಯನ್ನು ಪೊರಕೆಯಿಂದ ಗುಡಿಸಬೇಡಿ, ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಬಳಸಿ.

ಪ್ರಶ್ನೆ: ಬಾಯೊಳಗಿನ ಸ್ಕ್ಯಾನರ್ ನಾವೇ ಇಟ್ಟುಕೊಂಡು, ರೋಗಿಗಳನ್ನು ಲ್ಯಾಬಿಗೇ ಕರೆಸಿ ಸ್ಕ್ಯಾನ್ ಮಾಡಬಹುದೇ?
– ಚಿತ್ರದುರ್ಗ

ಉತ್ತರ: ಬೇಡ. ಕೃತಕ ಹಲ್ಲು ಕೂರಿಸಲು ರೋಗಿಯ ಮೇಲೆ ಮಾಡುವ ಪೂರ್ವಸಿದ್ಧತೆಯನ್ನೂ 1948ರ ದಂತವೈದ್ಯರ ಕಾಯ್ದೆ ದಂತವೈದ್ಯಕೀಯವೆಂದೇ ಎಣಿಸಿತ್ತು. ಡೆಂಟಲ್ ಮೆಕ್ಯಾನಿಕ್ (ಲ್ಯಾಬಿನಲ್ಲಿ ಕೃತಕ ಹಲ್ಲು ಮಾಡುವವರು) ಎಂದು ನೋಂದಣಿಯಿದ್ದರೂ ಬಾಯಿಗೆ ಕೈ ಹಾಕುವ ಹಕ್ಕು ಬರುವುದಿಲ್ಲ. ಡಾಕ್ಟರು ಸ್ಕ್ಯಾನ್ ಮಾಡಿ ಫೈಲ್ ಕಳಿಸಲಿ, ನೀವು ಡಿಸೈನ್ ಮಾಡಿ.