'ಒನ್ಸ್ ಇನ್ ಎ ಬ್ಲೂ ಮೂನ್' ಅಂದರೆ ಏನು? ಎಲ್ಲಿ ಬಳಸಬೇಕು? ಚಂದ್ರ ನಿಜಕ್ಕೂ ನೀಲಿಯಾಗುತ್ತಾನಾ?

ತೀರಾ ಅಪರೂಪಕ್ಕೊಮ್ಮೆ ಎಂದರ್ಥ. 'ಹುಣ್ಣಿಮೆಗೋ ಅಮಾವಾಸ್ಯೆಗೋ ಒಮ್ಮೆ ಬರ್ತಾನೆ' ಅಂತೀವಲ್ಲ, ಅಂಥ ಕಡೆ ಬಳಸುವ ಮಾತು.

ಇಲ್ಲಿ ದಾರಿ ತಪ್ಪಿಸುವುದು 'ಒನ್ಸ್'. ಒಂದೇ ಸಲ ಆಗಿ ಮುಗಿದದ್ದಕ್ಕೆ ಇದನ್ನು ಬಳಸಬಾರದು. ಆಗಾಗ್ಗೆ ಅಲ್ಲದಿದ್ದರೂ ಮತ್ತೆ ಮತ್ತೆ ಆಗುವಂಥದ್ದಕ್ಕೆ ಮಾತ್ರ ಇದು ಸಲ್ಲುತ್ತದೆ. 'ಹಿ ಕಾಲ್ಸ್ ಮಿ ಒನ್ಸ್ ಇನ್ ಎ ಬ್ಲೂ ಮೂನ್' ಸರಿ. 'ಐ ಗಾಟ್ ಮ್ಯಾರೀಡ್ ಒನ್ಸ್ ಇನ್ ಎ ಬ್ಲೂ ಮೂನ್' ತಪ್ಪು. ಜೀವಮಾನಕ್ಕೊಮ್ಮೆ ಸಿಗುವ ಅವಕಾಶಕ್ಕೆ 'ಒನ್ಸ್ ಇನ್ ಎ ಲೈಫ್‌ಟೈಮ್' ಅನ್ನಿ. ರೂಢಿಯನ್ನು ಹೇಳುವ ಮಾತಾದ್ದರಿಂದ ಕ್ರಿಯಾಪದ ಹೆಚ್ಚಾಗಿ ಸಾಮಾನ್ಯ ವರ್ತಮಾನದಲ್ಲಿರುತ್ತದೆ, ನುಡಿಗಟ್ಟು ವಾಕ್ಯದ ಕೊನೆಗೆ ಬರುತ್ತದೆ. 'ಎ' ಬದಲು 'ದ' ಹಾಕಬೇಡಿ. ಜೊತೆಗೆ 'ರೇರ್ಲಿ' ಸೇರಿಸಿದರೆ ಒಂದೇ ಮಾತು ಎರಡು ಸಲ ಹೇಳಿದಂತಾಗುತ್ತದೆ.

ಇನ್ನು ಚಂದ್ರನ ವಿಷಯ. ಈಗ ಒಂದೇ ಕ್ಯಾಲೆಂಡರ್ ತಿಂಗಳಲ್ಲಿ ಬೀಳುವ ಎರಡನೇ ಹುಣ್ಣಿಮೆಗೆ ಬ್ಲೂ ಮೂನ್ ಅನ್ನುತ್ತಾರೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ. ಹಾಗಾಗಿ ಸರಾಸರಿ ಎರಡೂವರೆ ಮೂರು ವರ್ಷಕ್ಕೊಮ್ಮೆ ಹೀಗಾಗುತ್ತದೆ, ಫೆಬ್ರವರಿಯಲ್ಲಂತೂ ಸಾಧ್ಯವೇ ಇಲ್ಲ. 2023ರ ಆಗಸ್ಟ್ ಮತ್ತು 2026ರ ಮೇ ಇದಕ್ಕೆ ಉದಾಹರಣೆ. ಚಂದ್ರನ ಹನ್ನೆರಡು ತಿಂಗಳು ಸೌರ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬರುವುದೂ ಈ ವ್ಯತ್ಯಾಸದಿಂದಲೇ, ಆ ಎರಡೂ ವರ್ಷ ಅಧಿಕ ಮಾಸವಿತ್ತು ಎಂಬುದನ್ನು ಗಮನಿಸಿ.

ಆದರೆ ನುಡಿಗಟ್ಟು ಹುಟ್ಟಿದ್ದು ಈ ಲೆಕ್ಕದಿಂದಲ್ಲ. ಅದು 19ನೇ ಶತಮಾನದಲ್ಲೇ ಬಳಕೆಯಲ್ಲಿತ್ತು. 'ಎರಡನೇ ಹುಣ್ಣಿಮೆ' ಅನ್ನುವ ಅರ್ಥ ಹರಡಿದ್ದು 1946ರಲ್ಲಿ ಅಮೆರಿಕದ 'ಸ್ಕೈ ಅಂಡ್ ಟೆಲಿಸ್ಕೋಪ್' ಪತ್ರಿಕೆಯ ಲೇಖನವೊಂದರಿಂದ. ಅದರ ಲೇಖಕರು ಅಲ್ಲಿನ ಹಳೆಯ ಪಂಚಾಂಗವೊಂದರ ನಿಯಮವನ್ನು ತಪ್ಪಾಗಿ ಗ್ರಹಿಸಿದ್ದರು. ಆ ನಿಯಮದಂತೆ, ಮೂರು ತಿಂಗಳ ಒಂದು ಋತುವಿನಲ್ಲಿ (ಅಲ್ಲಿ ವರ್ಷಕ್ಕೆ ನಾಲ್ಕೇ ಋತು) ನಾಲ್ಕು ಹುಣ್ಣಿಮೆ ಬಂದರೆ ಮೂರನೆಯದು ಬ್ಲೂ ಮೂನ್.

ಆ ದಿನ ಚಂದ್ರನ ಬಣ್ಣ ಬದಲಾಗುವುದಿಲ್ಲ. ನಿಜಕ್ಕೂ ನೀಲಿ ಕಾಣಬೇಕಾದರೆ ಗಾಳಿಯಲ್ಲಿ ಕೆಂಪು ಬೆಳಕನ್ನು ಚದುರಿಸುವಷ್ಟು ಗಾತ್ರದ ಕಣಗಳು ತುಂಬಿರಬೇಕು. 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವ ಜ್ವಾಲಾಮುಖಿ ಸಿಡಿದ ಮೇಲೆ ಹಲವೆಡೆ ಹಾಗೆ ಕಂಡಿತ್ತು.

ಮಾತಿನಲ್ಲಿ, ಗೆಳೆಯರ ಮೆಸೇಜಿನಲ್ಲಿ ಧಾರಾಳವಾಗಿ ಬಳಸಿ. ಕಚೇರಿಯ ವರದಿ, ಅರ್ಜಿಗಳಲ್ಲಿ ಮಾತ್ರ 'ರೇರ್ಲಿ' ಸಾಕು. ಎಷ್ಟು ದಿನಕ್ಕೊಮ್ಮೆ ಎಂದು ಗೊತ್ತಿದ್ದರೆ ಆ ಅಂಕಿಯನ್ನೇ ಬರೆಯಿರಿ.