ತುಕ್ಕು ಹಿಡಿದ ಆಂಟೆನಾ, 1,850 ರೂಪಾಯಿಯ ಡಬ್ಬಿ

ಪ್ರಶ್ನೆ: ಮೇಷ್ಟರೇ, ನಮ್ಮ ತಾಯಿಗೆ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ವೈದ್ಯರು ವಾರಕ್ಕೊಮ್ಮೆ ನುಂಗಲು ಮೆಥೊಟ್ರೆಕ್ಸೇಟ್ ಕೊಟ್ಟ ಮೇಲೆ ಈಗ ತಾವೇ ಮುದ್ದೆ ತೊಳಸುತ್ತಾರೆ. ಪರಿಚಯದವರೊಬ್ಬರು ಆಂಟಿಆಕ್ಸಿಡೆಂಟ್ ಗುಳಿಗೆಯ ಡಬ್ಬಿ ತಂದಿದ್ದಾರೆ, ಬೆಲೆ 1,850 ರೂಪಾಯಿ. "ಅಮ್ಮನ ಬಿಳಿ ರಕ್ತಕಣಗಳ ಆಂಟೆನಾ ತುಕ್ಕು ಹಿಡಿದಿದೆ, ಅದಕ್ಕೇ ಅವು ಸ್ವಂತ ಮೈಮೇಲೆ ತಿರುಗಿಬಿದ್ದಿವೆ. ಇದು ತುಕ್ಕು ತೆಗೆಯುತ್ತದೆ, ಆ ಮಾತ್ರೆ ಬಿಟ್ಟುಬಿಡಿ" ಎನ್ನುತ್ತಾರೆ. ನಿಜವೇ?
– ಓದುಗಿ, ಮದ್ದೂರು

ಉತ್ತರ: ಮಾತ್ರೆ ಬಿಡಿಸಬೇಡಮ್ಮ. ಇಷ್ಟನ್ನು ಮೊದಲು ಅಮ್ಮನಿಗೆ ಹೇಳಿ, ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದು.

ಆಂಟೆನಾ ಮಾತು ಶುದ್ಧ ಬುರುಡೆಯಾಗಿದ್ದರೆ ನೀನು ಪತ್ರ ಬರೆಯುತ್ತಲೇ ಇರಲಿಲ್ಲ. ಅದರಲ್ಲಿ ಅರ್ಧ ಸತ್ಯವಿದೆ. ಬಿಳಿ ರಕ್ತಕಣಗಳಲ್ಲೇ ಒಂದು ಬಗೆಯಾದ ಟಿ ಕೋಶದ ಹೊರಮೈಯಲ್ಲಿ ಗ್ರಾಹಕ ಪ್ರೋಟೀನುಗಳಿವೆ, ಆಂಟೆನಾ ಎಂದರೆ ಅವೇ. ರೋಗಾಣುವಿನ ತುಣುಕು ಅಲ್ಲಿಗೆ ಅಂಟಿಕೊಂಡರೆ ಸುದ್ದಿ ಕೋಶದ ಒಳಕ್ಕೆ ಹೋಗಬೇಕಲ್ಲ? ಗ್ರಾಹಕದ ಜೊತೆಗೇ ಇರುವ ಝೀಟಾ ಎಂಬ ಪ್ರೋಟೀನಿನ ಬಾಲ ಕೋಶದೊಳಗೆ ಚಾಚಿಕೊಂಡಿರುತ್ತದೆ. ಎಲ್‌ಸಿಕೆ ಎಂಬ ಕಿಣ್ವ ಆ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ, ಅದನ್ನು ಹಿಡಿದುಕೊಂಡು ಝ್ಯಾಪ್-70 ಬರುತ್ತದೆ, ಅದು ಕೋಶಪೊರೆಯಲ್ಲಿ ನೆಟ್ಟುಕೊಂಡಿರುವ ಲ್ಯಾಟ್ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ. ಅಲ್ಲಿಂದ ಮುಂದೆ ಕೋಶ ಕೆಲಸಕ್ಕೆ ಇಳಿಯುತ್ತದೆ.

ಅಂಟಿಸಿದ ಫಾಸ್ಫೇಟನ್ನು ಕಿತ್ತುಹಾಕಲು ಬೇರೆ ಕಿಣ್ವಗಳು ಕಾದು ಕುಳಿತಿರುತ್ತವೆ. ಅವುಗಳ ಕೆಲಸದ ಜಾಗದಲ್ಲೊಂದು ಗಂಧಕದ ಪರಮಾಣು ಇದೆ. ಹೈಡ್ರೋಜನ್ ಪೆರಾಕ್ಸೈಡ್ ಅದನ್ನು ಮುಟ್ಟಿದರೆ ಕಿಣ್ವ ಕೆಲಕಾಲ ಸುಮ್ಮನಾಗುತ್ತದೆ, ಆಮೇಲೆ ಕೋಶದ ಸ್ವಂತ ಆಂಟಿಆಕ್ಸಿಡೆಂಟುಗಳಾದ ಗ್ಲುಟಾಥಿಯೋನ್, ಥಯೊರೆಡಾಕ್ಸಿನ್‌ಗಳಂಥವು ಅದನ್ನು ಮೊದಲಿನಂತೆ ಮಾಡುತ್ತವೆ. ಈ ಪೆರಾಕ್ಸೈಡ್ ಎಲ್ಲಿಂದ ಬಂತು? ಗ್ರಾಹಕಕ್ಕೆ ಸುದ್ದಿ ಮುಟ್ಟಿದ ಕೂಡಲೇ ಕೋಶವೇ ಒಂದಿಷ್ಟನ್ನು ತಯಾರಿಸಿಕೊಳ್ಳುತ್ತದೆ, ಸುದ್ದಿ ಅರ್ಧದಾರಿಯಲ್ಲಿ ಅಳಿಸಿಹೋಗದಿರಲಿ ಎಂದು. ಡಬ್ಬಿಯವರು ತುಕ್ಕು ಎನ್ನುವುದು ಮಿತಿಯಲ್ಲಿದ್ದಾಗ ದಿನನಿತ್ಯದ ವ್ಯವಹಾರ.

ಮಿತಿ ಮೀರಿ, ತಿಂಗಳುಗಟ್ಟಲೆ ಹಾಗೆಯೇ ಉಳಿದಾಗ ಮಾತ್ರ ಅದು ಉತ್ಕರ್ಷಣ ಒತ್ತಡ. ಸಂಧಿವಾತದ ಕೀಲಿನ ನೀರಿನಿಂದ ತೆಗೆದ ಟಿ ಕೋಶಗಳಲ್ಲಿ ಗ್ಲುಟಾಥಿಯೋನ್ ಕಡಿಮೆಯಿರುವುದನ್ನೂ, ಲ್ಯಾಟ್ ಪ್ರೋಟೀನು ಪೊರೆಯನ್ನು ಬಿಟ್ಟು ಒಳಕ್ಕೆ ಜಾರಿರುವುದನ್ನೂ 2000ದ ಹೊತ್ತಿಗೇ ನೆದರ್ಲೆಂಡ್ಸಿನ ಸಂಶೋಧಕರು ತೋರಿಸಿದರು. ಕ್ಯಾನ್ಸರ್ ಗೆಡ್ಡೆಗಳ ಸುತ್ತಲಿನ ಟಿ ಕೋಶಗಳಲ್ಲಿ ಝೀಟಾ ಬಾಲವೇ ಕಡಿಮೆಯಾಗುವುದುಂಟು.

ಈಗ ಡಬ್ಬಿಯವರ ತರ್ಕವನ್ನು ನೋಡು. ಲ್ಯಾಟ್ ಜಾರಿದ ಕೋಶ ಗ್ರಾಹಕದ ಕರೆಗೆ ಮಂಕಾಗುತ್ತದೆಯೇ ಹೊರತು ರೊಚ್ಚಿಗೇಳುವುದಿಲ್ಲ. ಕೀಲನ್ನು ಉರಿಸುತ್ತಿರುವುದು ಅದರ ಜೊತೆಗೆ ಇನ್ನೂ ಹಲವು ಕೋಶಗಳು, ಅವು ಸುರಿಸುವ ಟಿಎನ್‌ಎಫ್‌ನಂಥ ರಾಸಾಯನಿಕಗಳು. "ಅದಕ್ಕೇ ತಿರುಗಿಬಿದ್ದಿವೆ" ಎಂಬ ನೇರ ಗೆರೆ ಅವರೇ ಎಳೆದದ್ದು. ಅಸಿಟೈಲ್ ಸಿಸ್ಟೀನ್ ಎಂಬ ಆಂಟಿಆಕ್ಸಿಡೆಂಟ್ ಹಾಕಿದಾಗ ಲ್ಯಾಟ್ ಪೊರೆಗೆ ಮರಳಿದ್ದೂ ನಿಜ, ಪ್ರಯೋಗಶಾಲೆಯ ತಟ್ಟೆಯಲ್ಲಿ. ತಟ್ಟೆಯಲ್ಲಿರುವ ಕೋಶಕ್ಕೆ ಹೊಟ್ಟೆಯೂ ಇಲ್ಲ, ಯಕೃತ್ತೂ ಇಲ್ಲ.

ಇನ್ನೊಂದು ಸಂಗತಿ ಕೇಳಿದರೆ ಅವರು ಡಬ್ಬಿ ಎತ್ತಿಕೊಂಡು ಹೋದಾರು. 2003ರಲ್ಲಿ ಸ್ವೀಡನ್ನಿನ ಲುಂಡ್‌ನ ತಂಡವೊಂದು ಸಂಧಿವಾತ ಜೋರಾಗಿ ಬರುವ ಇಲಿಗಳ ವಂಶವಾಹಿಯನ್ನು ಹುಡುಕಿತು. ಸಿಕ್ಕಿದ್ದು ಎನ್‌ಸಿಎಫ್1: ಬಿಳಿ ರಕ್ತಕಣಗಳು ಪೆರಾಕ್ಸೈಡಿನಂಥ ಆಮ್ಲಜನಕದ ಉಗ್ರ ಕಣಗಳನ್ನು ತಯಾರಿಸಲು ಬೇಕಾದ ವಂಶವಾಹಿ. ಅದು ಕುಂಟಿದ, ಅಂದರೆ ಆ ಕಣಗಳು ಕಡಿಮೆ ಹುಟ್ಟುವ ಇಲಿಗಳಿಗೇ ರೋಗ ಹೆಚ್ಚು! ಮನುಷ್ಯರಲ್ಲೂ ಹುಟ್ಟಿನಿಂದಲೇ ಈ ಶಕ್ತಿಯಿಲ್ಲದ ಮಕ್ಕಳಿದ್ದಾರೆ. ಅವರಿಗೆ ಸೋಂಕಿನ ಮೇಲೆ ಸೋಂಕು, ಅದರ ಜೊತೆಗೆ ಕಾರಣವಿಲ್ಲದ ಉರಿಯೂತ.

ಗುಳಿಗೆಯಿಂದ ನಷ್ಟವೇನು ಎಂದು ಕೇಳಬಹುದು. ಫಿನ್ಲೆಂಡಿನಲ್ಲಿ 29,133 ಗಂಡಸರು, ಎಲ್ಲರೂ ಸಿಗರೇಟು ಸೇದುವವರು, ಒಂದು ಪ್ರಯೋಗದಲ್ಲಿ ಪಾಲ್ಗೊಂಡಿದ್ದರು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೋಟಿನ್ ಎಂಬ ಆಂಟಿಆಕ್ಸಿಡೆಂಟ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಅಮ್ಮನ ಡಬ್ಬಿಯಲ್ಲಿರುವುದು ಬೇರೆಯೇ ಇರಬಹುದು. ಆದರೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರ ಯಕೃತ್ತನ್ನು ರಕ್ತಪರೀಕ್ಷೆಯಲ್ಲಿ ಆಗಾಗ ನೋಡುತ್ತಾರೆ. ಗ್ರೀನ್ ಟೀ ಸಾರ, ಅರಿಶಿನದ ಸಾರದ ಗುಳಿಗೆಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ದಾಖಲಾಗಿವೆ. ಡಬ್ಬಿಯ ಮೇಲಿನ ಚೀಟಿಯನ್ನು ವೈದ್ಯರಿಗೆ ತೋರಿಸು. ಸಾರಿಗೆ ಹಾಕುವ ಅರಿಶಿನಕ್ಕೆ ನನ್ನ ತಕರಾರಿಲ್ಲ; ಸೊಪ್ಪು, ನೆಲ್ಲಿಕಾಯಿ ಧಾರಾಳವಾಗಿ ತಿನ್ನಲಿ. ಮನೆಯೊಳಗೆ ಯಾರಾದರೂ ಬೀಡಿ ಸೇದುತ್ತಿದ್ದರೆ ಅವರನ್ನು ಜಗಲಿಗಲ್ಲ, ಬೀದಿಗೆ ಕಳಿಸು.

ಪ್ರಶ್ನೆ: ಗದ್ದೆಯಲ್ಲಿ ಕಾಲಿಗೆ ಗಾಯವಾದಾಗಲೆಲ್ಲ ನೊರೆ ಬರುವ ಪೆರಾಕ್ಸೈಡ್ ಸುರಿದುಕೊಳ್ಳುತ್ತೇನೆ. ನೊರೆ ಬಂದರೆ ಕ್ರಿಮಿ ಸಾಯುತ್ತಿದೆ ಎಂದರ್ಥವಲ್ಲವೇ?
– ಓದುಗ, ಪಾಂಡವಪುರ

ಉತ್ತರ: ಅಲ್ಲಪ್ಪ. ನಿಮ್ಮ ರಕ್ತದಲ್ಲೂ ಅಂಗಾಂಶದಲ್ಲೂ ಇರುವ ಕ್ಯಾಟಲೇಸ್ ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಆ ಆಮ್ಲಜನಕವೇ ನೊರೆ. ಗಾಯದ ಅಂಚಿನ ಕೋಶಗಳು ತಾವೇ ಚೂರು ಪೆರಾಕ್ಸೈಡ್ ಹೊರಬಿಟ್ಟು ಬಿಳಿ ರಕ್ತಕಣಗಳನ್ನು ಕರೆಸಿಕೊಳ್ಳುತ್ತವೆ. ನಮ್ಮ ಉಪಖಂಡದ ಹೊಳೆಗಳ ಮೀನಾದ ಜೀಬ್ರಾ ಮೀನಿನ ಮರಿಯ ಬಾಲ ಕತ್ತರಿಸಿ 2009ರಲ್ಲಿ ಇದನ್ನು ಕಂಡರು. ಆ ಕರೆಯನ್ನು ಬಿಳಿ ರಕ್ತಕಣದೊಳಗಿನ ಲಿನ್ ಎಂಬ ಪ್ರೋಟೀನು ತನ್ನದೊಂದು ಗಂಧಕದಿಂದ ಗ್ರಹಿಸುತ್ತದೆ ಎಂದು 2011ರಲ್ಲಿ ಗೊತ್ತಾಯಿತು. ಅಂಗಡಿಯ ಶೇ. 3ರ ದ್ರಾವಣ ಆ ಚೂರಿಗಿಂತ ಎಷ್ಟೋ ಪಾಲು ಗಟ್ಟಿ. ಮತ್ತೆ ಮತ್ತೆ ಸುರಿದರೆ ಮಾಯಿಸುವ ಕೋಶಗಳೂ ಸುಡುತ್ತವೆ. ಶುದ್ಧ ನೀರು, ಸೋಪಿನಲ್ಲಿ ತೊಳೆಯಿರಿ. ಗದ್ದೆಯ ಗಾಯವಾದ್ದರಿಂದ ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತು ನೋಡಿಕೊಳ್ಳಿ.